ಜೆಎಸ್‌ಪಿ ಒಳಗೇ ಎಸ್‌ಕ್ಯೂಎಲ್, ಲೆಕ್ಕ, ಟೇಬಲ್ ಎಲ್ಲಾ ಇದೆ: ಕಾಫಿ ಖರೀದಿ ಸಾಫ್ಟ್‌ವೇರ್ ಬಿಡಿಸೋದು ಎಲ್ಲಿಂದ?

ಚೆರಿ_ಚೀಲ (ಗೋಣಿಕೊಪ್ಪ)

ಎಲ್ಲರಿಗೂ ನಮಸ್ಕಾರ. ಕಾಫಿ, ಒಳ್ಳೆಮೆಣಸು ಖರೀದಿ ಅಂಗಡಿಯೊಂದರ ಸಾಫ್ಟ್‌ವೇರ್ ನೋಡ್ಕೊಳ್ಳೋ ಕೆಲಸ. ಜಾವಾ 8, ಟಾಮ್‌ಕ್ಯಾಟ್ 9, ಮೈಎಸ್‌ಕ್ಯೂಎಲ್. ಫ್ರೇಮ್‌ವರ್ಕ್ ಅಂತ ಏನೂ ಇಲ್ಲ, ಬರೀ ಜೆಎಸ್‌ಪಿ (ಎಚ್‌ಟಿಎಂಎಲ್ ಒಳಗೇ ಜಾವಾ ಬರೆಯೋ ಪುಟ). ಯಾವ ಫೈಲ್ ತೆರೆದರೂ ಅದೇ ಕಥೆ: ತಲೆಯಲ್ಲಿ ಕನೆಕ್ಷನ್ (ಪಾಸ್‌ವರ್ಡ್ ಸಮೇತ), ಕೆಳಗೆ ಸ್ಟ್ರಿಂಗ್ ಕೂಡಿಸಿ ಕಟ್ಟಿದ ಸೆಲೆಕ್ಟ್, ಆಮೇಲೆ ವೈಲ್ ಲೂಪ್, ಲೂಪ್ ಒಳಗೆ ಟೇಬಲ್ ಸಾಲು, ಆ ಸಾಲಿನೊಳಗೇ ಓಟಿ (ಔಟ್‌ಟರ್ನ್, 50 ಕೆಜಿಯ ಒಂದು ಚೀಲ ಒಣ ಚೆರಿಗೆ ಸಿಗೋ ಕಾಫಿ ಬೇಳೆಯ ಕೆಜಿ) ಗುಣಿಸು ದರ.

ಈಗ ಎದ್ದಿರೋ ತಕರಾರು: ಒಂದೇ ಲೋಡಿಗೆ ಬಿಲ್ ಪುಟ ಒಂದು ಮೊತ್ತ ತೋರಿಸುತ್ತೆ, ಬೆಳೆಗಾರರ ಖಾತೆ ಪುಟ ಇನ್ನೊಂದು. ಉದಾಹರಣೆಗೆ ರೋಬಸ್ಟಾ ಚೆರಿ 1868.4 ಕೆಜಿ, ಔಟ್‌ಟರ್ನ್ 26.5, ಓಟಿಗೆ 190 ರೂ. ಅಂತ ಹಾಕಿ ನೋಡಿದರೆ ಬಿಲ್‌ನಲ್ಲಿ 1,88,147.88, ಖಾತೆಯಲ್ಲಿ 1,88,157.95.

ಡೇಟಾಬೇಸ್, ಲೆಕ್ಕ, ಪರದೆ ಮೂರನ್ನೂ ಬೇರೆ ಮಾಡ್ಬೇಕು ಅಂತ ಗೊತ್ತು. ಆದರೆ ರೋಬಸ್ಟಾ ಕೊಯ್ಲು ನಡೀತಿದೆ, ಅಂಗಡಿ ನಿಲ್ಲಿಸೋ ಹಾಗಿಲ್ಲ. ಎಲ್ಲಿಂದ ಶುರು ಮಾಡೋದು? ಸ್ಪ್ರಿಂಗ್ ಫ್ರೇಮ್‌ವರ್ಕ್ ಬೇಕೇ ಬೇಕಾ? ಯಾವ ಲೆಕ್ಕ ಎಸ್‌ಕ್ಯೂಎಲ್‌ನಲ್ಲಿ ಇರಲಿ, ಯಾವುದು ಜಾವಾದಲ್ಲಿ?

---

ಒಳ್ಳೆಮೆಣಸು (ಸಿದ್ದಾಪುರ)

ಎಲ್ಲಾ ಬಿಸಾಕಿ ಸ್ಪ್ರಿಂಗ್ ಬೂಟ್‌ನಲ್ಲಿ ಹೊಸದಾಗಿ ಬರೀರಿ. ಎರಡು ತಿಂಗಳ ಕೆಲಸ.

---

ಕುಶಾಲನಗರ_ಕೋಡರ್

ಮೊದಲು ಆ ಹತ್ತು ರೂಪಾಯಿ ಏಳು ಪೈಸೆ ಎಲ್ಲಿಂದ ಬಂತು ನೋಡೋಣ.

1868.4 ಭಾಗಿಸು 50 = 37.368 ಚೀಲ. ಚೀಲದ ದರ 26.5 × 190 = 5035. ಗುಣಿಸಿದರೆ 1,88,147.88. ಬಿಲ್ ಪುಟ ಸರಿ ಇದೆ. ಖಾತೆ ಪುಟ ಚೀಲವನ್ನ ಮೊದಲೇ 37.37 ಮಾಡ್ಕೊಂಡು ಆಮೇಲೆ ಗುಣಿಸ್ತಿದೆ, ಹಾಗಾಗಿ 1,88,157.95. ಪರದೆ ಮೇಲೆ ನೀಟಾಗಿ ಕಾಣ್ಲಿ ಅಂತ ಯಾರೋ ಎರಡು ದಶಮಾಂಶಕ್ಕೆ ಇಳಿಸಿದ್ದಾರೆ, ಅದೇ ಸಂಖ್ಯೆ ಲೆಕ್ಕಕ್ಕೂ ಹೋಗಿದೆ. ತೋರಿಸೋ ಕೆಲಸ ಲೆಕ್ಕದೊಳಗೆ ನುಸುಳಿದ್ದು ಅಷ್ಟೇ. ಸೆಲೆಕ್ಟ್ ಒಳಗೆ ರೌಂಡ್ ಇದೆಯಾ ನೋಡಿ.

---

ಚೆರಿ_ಚೀಲ

ಇದೆ! ಕೆಜಿ ಭಾಗಿಸು 50, ಕಾಮಾ 2. ಇದೇ ಸಾಲು ಇನ್ನೂ ಮೂರು ರಿಪೋರ್ಟ್‌ನಲ್ಲಿ ಕಾಪಿ ಆಗಿದೆ.

---

ಜೆಡಿಬಿಸಿ_ಅಜ್ಜ (ಮಡಿಕೇರಿ)

ಒಳ್ಳೆಮೆಣಸು ಅವರೇ, ಸೀಸನ್ ಮಧ್ಯದಲ್ಲಿ ಹೊಸದಾಗಿ ಬರೆಯೋದು ಅಂದರೆ ಹಳೇ ತಪ್ಪು ಯಾವುದು, ನಿಯಮ ಯಾವುದು ಅಂತ ಗೊತ್ತಾಗದೆ ಎರಡನ್ನೂ ಕಳ್ಕೊಳ್ಳೋದು. ಪುಟ ಪುಟವಾಗಿ ಬಿಡಿಸಿದರೆ ಸಾಕು. ಹಳೆಯದು, ಹೊಸದು ಎರಡೂ ಒಂದೇ ವಾರ್ ಫೈಲ್‌ನಲ್ಲಿ (ಟಾಮ್‌ಕ್ಯಾಟ್‌ಗೆ ಹಾಕೋ ಪ್ಯಾಕೇಜ್) ಜೊತೆಯಾಗಿ ಓಡ್ತವೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಚೆರಿ_ಚೀಲ ಅವರಿಗೆ ನಾನು ಹೇಳೋ ದಾರಿ. ಖಾತೆ ಪುಟ ಒಂದನ್ನೇ ತಗೊಳ್ಳಿ. ಇವತ್ತು ತಕರಾರು ಇರೋದು ಅಲ್ಲಿ, ಬೇರೆ ಪುಟ ಮುಟ್ಟಬೇಡಿ.

ಮೊದಲು ಖರೀದಿ ಅಂತ ಒಂದು ಸಾದಾ ಕ್ಲಾಸ್: ತಾರೀಕು, ಕೆಜಿ, ಓಟಿ, ದರ, ಬೆಳೆಗಾರರ ಐಡಿ. ಸಂಖ್ಯೆಗೆಲ್ಲ ಬಿಗ್‌ಡೆಸಿಮಲ್ (ದಶಮಾಂಶವನ್ನ ನಿಖರವಾಗಿ ಇಡೋ ಜಾವಾ ಟೈಪ್), ಡಬಲ್ ಬೇಡ. ಡಬಲ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತೆ, ಚೀಲದ ಲೆಕ್ಕಕ್ಕೆ ಅದು ಆಗಲ್ಲ.

ಆಮೇಲೆ ಡಿಎಒ (ಡೇಟಾಬೇಸ್ ಜೊತೆ ಮಾತಾಡೋ ಕ್ಲಾಸ್). ಎಸ್‌ಕ್ಯೂಎಲ್ ಅಂತ ಬರೋದೆಲ್ಲ ಇಲ್ಲೇ, ಪ್ರಿಪೇರ್ಡ್‌ಸ್ಟೇಟ್‌ಮೆಂಟ್ (ಮೌಲ್ಯಗಳನ್ನ ಸ್ಟ್ರಿಂಗ್‌ಗೆ ಅಂಟಿಸದೆ ಬೇರೆಯಾಗಿ ಕೊಡೋ ಕ್ವೆರಿ) ಹಾಕಿ. ಇದು ಹೊರಗೆ ಕೊಡೋದು ಖರೀದಿಗಳ ಲಿಸ್ಟ್. ರಿಸಲ್ಟ್‌ಸೆಟ್ (ಕ್ವೆರಿಯ ಉತ್ತರ, ಕನೆಕ್ಷನ್ ತೆರೆದಿರೋ ತನಕ ಮಾತ್ರ ಓದಬಹುದು) ಯಾವ ಕಾರಣಕ್ಕೂ ಡಿಎಒ ದಾಟಿ ಹೊರಗೆ ಹೋಗಬಾರದು. ಹೋದರೆ ಕನೆಕ್ಷನ್ ಯಾವಾಗ ಮುಚ್ಚೋದು ಅನ್ನೋ ಪ್ರಶ್ನೆ ಜೆಎಸ್‌ಪಿ ತಲೆಗೆ ಬೀಳುತ್ತೆ.

ಸರ್ವಿಸ್ ಕ್ಲಾಸ್‌ನಲ್ಲಿ ದರ, ತೇವಾಂಶದ ಕಡಿತ, ರೌಂಡಿಂಗ್. ಸರ್ವ್‌ಲೆಟ್ ಬರೀ ಮಧ್ಯವರ್ತಿ: ಪ್ಯಾರಾಮೀಟರ್ ಓದಬೇಕು, ಸರ್ವಿಸ್ ಕರೀಬೇಕು, ಉತ್ತರವನ್ನ ರಿಕ್ವೆಸ್ಟ್ ಆಟ್ರಿಬ್ಯೂಟ್‌ಗೆ ಹಾಕಿ ಜೆಎಸ್‌ಪಿಗೆ ಫಾರ್ವರ್ಡ್ ಮಾಡಬೇಕು. ಜೆಎಸ್‌ಪಿಯನ್ನ ವೆಬ್-ಇನ್ಫ್ ಫೋಲ್ಡರ್ ಒಳಗೆ ಇಡಿ, ಆಗ ಬ್ರೌಸರ್‌ನಲ್ಲಿ ನೇರ ವಿಳಾಸ ಹೊಡೆದು ಯಾರೂ ತೆರೆಯೋಕಾಗಲ್ಲ.

ಸರಿಯಾಗಿ ಬಿಡಿಸಿದ್ದೀರಾ ಅಂತ ನೋಡೋಕೆ ಇಂಪೋರ್ಟ್ ಸಾಲು ನೋಡಿದರೆ ಸಾಕು. ಸರ್ವ್‌ಲೆಟ್, ಜೆಎಸ್‌ಪಿಯಲ್ಲಿ ಜಾವಾ ಡಾಟ್ ಎಸ್‌ಕ್ಯೂಎಲ್ ಕಾಣಬಾರದು. ಡಿಎಒ, ಸರ್ವಿಸ್‌ನಲ್ಲಿ ಸರ್ವ್‌ಲೆಟ್ ಪ್ಯಾಕೇಜ್ ಕಾಣಬಾರದು. ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕೋ ಕಮಾಂಡ್) ಹೊಡೆದರೆ ಕಳ್ಳ ಸಿಕ್ತಾನೆ.

---

ಸಂತೆಪೇಟೆ (ಸೋಮವಾರಪೇಟೆ)

ಇದನ್ನೇ ಎಲ್ಲರೂ ಹೇಳ್ತಾರೆ, ಆಮೇಲೆ ಒಂದು ಕಾಲಂ ಸೇರಿಸೋಕೆ ಏಳು ಫೈಲ್ ತೆರೀಬೇಕು. ಇಂಟರ್‌ಫೇಸ್, ಅದಕ್ಕೊಂದು ಇಂಪ್ಲ್, ಡಿಟಿಒ, ಮ್ಯಾಪರ್... ಅಂಗಡಿಯಲ್ಲಿ ಕೂತು ಬಳಸೋರು ಮೂರು ಜನ!

---

ಜೆಡಿಬಿಸಿ_ಅಜ್ಜ

ಇಂಟರ್‌ಫೇಸ್ ಬರೀರಿ ಅಂತ ನಾನೆಲ್ಲಿ ಹೇಳ್ದೆ ಮಾರಾಯ್ರೆ? ಒಂದೇ ಇಂಪ್ಲಿಮೆಂಟೇಶನ್ ಇರೋದಕ್ಕೆ ಇಂಟರ್‌ಫೇಸ್ ಯಾಕೆ. ಡಿಟಿಒ ಬೇಡ, ಮ್ಯಾಪರ್ ಬೇಡ. ಖರೀದಿ ಕ್ಲಾಸ್ ಒಂದೇ ಮೇಲಿಂದ ಕೆಳಗೆ ಓಡಾಡಲಿ. ಜೆಎಸ್‌ಪಿ ಬಿಟ್ಟು ಪುಟಕ್ಕೆ ನಾಲ್ಕು ಫೈಲ್, ಅದರಲ್ಲಿ ಎರಡು ಬೇರೆ ಪುಟಗಳಿಗೂ ಉಪಯೋಗಕ್ಕೆ ಬರ್ತವೆ.

ಬಳಸೋರು ಮೂರೇ ಜನ ಆದ್ರೂ ಬೆಳೆಗಾರರು ನೂರಾರು. ಕಂಪ್ಯೂಟರ್ ಎರಡು ಮೊತ್ತ ಹೇಳಿದರೆ ಅಂಗಡಿಯವರ ಮಾತಿಗೆ ಬೆಲೆ ಎಲ್ಲಿರುತ್ತೆ?

---

ತೇವಾಂಶ_11 (ಪೊನ್ನಂಪೇಟೆ)

ಓಟಿ ಲೆಕ್ಕ ಸುಲಭದ್ದು. ತೇವಾಂಶದ ಕಡಿತ ಎಲ್ಲಿ ಕೂತಿದೆ ನೋಡಿದ್ದೀರಾ? ಗಲಾಟೆ ಹುಟ್ಟೋದು ಅಲ್ಲಿ.

ಮೀಟರ್ 13 ತೋರಿಸಿದೆ, ಅಂಗಡಿಯ ಲೆಕ್ಕ 11ಕ್ಕೆ ಅಂತ ಇಟ್ಕೊಳ್ಳಿ. 1000 ಕೆಜಿಗೆ ಕೆಲವರು ನೇರ ಎರಡು ಪರ್ಸೆಂಟ್ ಕಳೀತಾರೆ, 980. ಒಣತೂಕದ ಲೆಕ್ಕ ಹಾಕೋರು 1000 × 87 ಭಾಗಿಸು 89 ಮಾಡ್ತಾರೆ, 977.53. ಎರಡೂವರೆ ಕೆಜಿ ವ್ಯತ್ಯಾಸ. ಯಾವುದು ಸರಿ ಅನ್ನೋದು ಅಂಗಡಿ ಮತ್ತು ಬೆಳೆಗಾರರ ನಡುವಿನ ಮಾತು, ಪ್ರೋಗ್ರಾಮರ್‌ದಲ್ಲ. ಆದರೆ ನಿಯಮ ಒಂದೇ ಮೆಥಡ್‌ನಲ್ಲಿ ಇರಲಿ, 11 ಅನ್ನೋದು ಸೆಟ್ಟಿಂಗ್ಸ್ ಟೇಬಲ್‌ನಿಂದ ಬರಲಿ. ನಾಳೆ 10.5 ಮಾಡಿ ಅಂದರೆ ನಲವತ್ತು ಫೈಲ್ ಹುಡುಕೋ ಕೆಲಸ ಇರಲ್ಲ.

---

ಕುಶಾಲನಗರ_ಕೋಡರ್

ಆ 87 ಭಾಗಿಸು 89 ಬಿಗ್‌ಡೆಸಿಮಲ್‌ನಲ್ಲಿ ಹಾಗೇ ಡಿವೈಡ್ ಮಾಡಿದರೆ ಎಕ್ಸೆಪ್ಶನ್ ಬರುತ್ತೆ, ದಶಮಾಂಶ ಮುಗಿಯೋದೇ ಇಲ್ಲ ಅಂತ. ಸ್ಕೇಲ್ (ಎಷ್ಟು ದಶಮಾಂಶ), ರೌಂಡಿಂಗ್ ಮೋಡ್ ಎರಡೂ ಕೊಡಿ. ಮೊದಲು ಗುಣಿಸಿ, ಕೊನೆಗೆ ಭಾಗಿಸಿ. ರೌಂಡಿಂಗ್ ಒಂದೇ ಸಲ, ಕೊನೆಯ ಮೊತ್ತಕ್ಕೆ ಮಾತ್ರ, ಹಾಫ್‌-ಅಪ್.

ಇನ್ನೊಂದು: ಬಿಗ್‌ಡೆಸಿಮಲ್‌ನ ಈಕ್ವಲ್ಸ್ ನಂಬಬೇಡಿ. 2.0 ಮತ್ತು 2.00 ಅದಕ್ಕೆ ಬೇರೆ ಬೇರೆ. ಕಂಪೇರ್‌ಟೂ ಬಳಸಿ.

---

ಕಾವೇರಿತೀರ (ನಾಪೋಕ್ಲು)

ಜೆಎಸ್‌ಟಿಎಲ್ (ಜೆಎಸ್‌ಪಿಯ ರೆಡಿಮೇಡ್ ಟ್ಯಾಗ್‌ಗಳು) ಹಾಕಿದ್ರೆ ಜಾವಾ ಕೋಡ್ ಎಲ್ಲಾ ಹೋಗುತ್ತಲ್ಲ, ಅಷ್ಟು ಸಾಕಲ್ವಾ? ಸರ್ವ್‌ಲೆಟ್ ಯಾಕೆ?

---

ಜೆಡಿಬಿಸಿ_ಅಜ್ಜ

ಸಾಕಾಗಲ್ಲ. ಜೆಎಸ್‌ಟಿಎಲ್‌ನಲ್ಲಿ ಎಸ್‌ಕ್ಯೂಎಲ್ ಟ್ಯಾಗ್‌ಗಳೂ ಇವೆ, ಕ್ವೆರಿಯನ್ನ ನೇರ ಪುಟದಲ್ಲಿ ಬರೀಬಹುದು. ಜಾವಾ ಕೋಡ್ ಸುತ್ತ ಇರೋ ಪರ್ಸೆಂಟ್ ಚಿಹ್ನೆ ಮಾಯವಾಗುತ್ತೆ, ಗಂಟು ಹಾಗೇ ಇರುತ್ತೆ. ಕೋರ್ ಮತ್ತು ಫಾರ್ಮ್ಯಾಟ್ ಟ್ಯಾಗ್ ಎರಡೇ ಬಳಸಿ.

ಪುಟದಲ್ಲಿ ಡಾಲರ್ ಬ್ರೇಸ್ ಒಳಗೆ ಭಾಗಾಕಾರವನ್ನೂ ಮಾಡಬೇಡಿ. ಎಕ್ಸ್‌ಪ್ರೆಶನ್ ಲ್ಯಾಂಗ್ವೇಜ್ (ಇಎಲ್) ಬಿಗ್‌ಡೆಸಿಮಲ್ ಭಾಗಿಸುವಾಗ ಮೊದಲ ಸಂಖ್ಯೆಗೆ ಎಷ್ಟು ದಶಮಾಂಶ ಇದೆಯೋ ಅಷ್ಟಕ್ಕೇ ನಿಲ್ಲಿಸುತ್ತೆ. ಕೆಜಿ ಕಾಲಂ ಒಂದೇ ದಶಮಾಂಶದ್ದಾಗಿದ್ದರೆ 1868.4 ಭಾಗಿಸು 50 ಅಂದರೆ 37.4 ಬರುತ್ತೆ. ಅದನ್ನ 5035ರಿಂದ ಗುಣಿಸಿ ನೋಡಿ, 1,88,309. ಈಗಿರೋ ಎರಡು ಮೊತ್ತಕ್ಕೆ ಮೂರನೆಯದು ಸೇರಿತು.

---

ಕಾವೇರಿತೀರ

ಅಯ್ಯೋ, ಇದು ಗೊತ್ತಿರಲಿಲ್ಲ.

---

ಮಂಜುಮುಸುಕು (ಮಡಿಕೇರಿ)

ಯಾವ ಲೆಕ್ಕ ಎಸ್‌ಕ್ಯೂಎಲ್‌ನಲ್ಲಿ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹುಡುಕೋದು, ಜೋಡಿಸೋದು, ಒಟ್ಟು ಕೂಡಿಸೋದು, ವಿಂಗಡಿಸೋದು ಡೇಟಾಬೇಸ್ ಕೆಲಸ. ಸಾವಿರಾರು ಸಾಲು ಜಾವಾಗೆ ಎಳ್ಕೊಂಡು ಬಂದು ಲೂಪ್‌ನಲ್ಲಿ ಕೂಡಿಸೋದು ಲೇಯರಿಂಗ್ ಅಲ್ಲ, ದಡ್ಡತನ. ಒಂದು ಚೀಲದ ಬೆಲೆ ಎಷ್ಟು ಅನ್ನೋ ನಿಯಮ ಮಾತ್ರ ಜಾವಾದಲ್ಲಿ.

ಅದಕ್ಕಿಂತ ಮುಖ್ಯವಾದದ್ದು: ಖಾತೆ ಪುಟ ಮೊತ್ತವನ್ನ ಮತ್ತೆ ಯಾಕೆ ಲೆಕ್ಕ ಹಾಕ್ತಿದೆ? ಬಿಲ್ ಆದ ದಿನವೇ ಕೆಜಿ, ಓಟಿ, ತೇವಾಂಶ, ದರ, ಮೊತ್ತ ಐದನ್ನೂ ಸಾಲಿನಲ್ಲಿ ಬರೆದಿಡಿ. ಖಾತೆ ಪುಟ ಮೊತ್ತದ ಕಾಲಂ ಓದಿ ಕೂಡಿಸಲಿ ಅಷ್ಟೇ. ದರ ದಿನಾ ಬದಲಾಗುತ್ತೆ. ದರದ ಟೇಬಲ್‌ಗೆ ಜೋಡಿಸಿ ಹಳೇ ಬಿಲ್ ಲೆಕ್ಕ ಹಾಕ್ತಿದ್ರೆ ಯಾರಾದರೂ ದರ ತಿದ್ದಿದ ದಿನ ಹೋದ ವಾರದ ಬಿಲ್ ಎಲ್ಲಾ ಅಲ್ಲಾಡುತ್ತೆ.

---

ಸಂತೆಪೇಟೆ

ಮೂರು ಕಾಲಂ ಗುಣಿಸಿದರೆ ಬರೋದನ್ನ ನಾಲ್ಕನೇ ಕಾಲಂನಲ್ಲಿ ಇಡೋದಾ? ನಾರ್ಮಲೈಸೇಶನ್ ಅಂತ ಓದಿದ್ದು ಯಾಕೆ ಹಾಗಾದ್ರೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ?

---

ಮಂಜುಮುಸುಕು

ಬಿಲ್ ಒಂದು ದಾಖಲೆ. ಕಾಗದದಲ್ಲಿ ಪ್ರಿಂಟ್ ಆಗಿ ಬೆಳೆಗಾರರ ಕೈಗೆ ಹೋಗಿದೆ, ಅದನ್ನ ಯಾರು ತಿದ್ದೋದು? ತಪ್ಪಿದ್ದರೆ ರದ್ದು ಮಾಡಿ ಹೊಸ ಬಿಲ್ ಹಾಕ್ತೀರಿ. ಮುಂದಿನ ವರ್ಷ ತೇವಾಂಶದ ನಿಯಮ ಬದಲಾಯ್ತು ಅನ್ನಿ. ಆಗ ಹಳೇ ಸೂತ್ರ ಎಲ್ಲಿಂದ ತರ್ತೀರಿ?

---

ಸಂತೆಪೇಟೆ

ಹ್ಮ್. ಬಿಲ್‌ಗೆ ಒಪ್ಪಿದೆ. ಬಿಲ್ ಆಗದೆ ಗೋದಾಮಿನಲ್ಲಿ ಬಿಟ್ಟಿರೋ ಸ್ಟಾಕ್‌ಗೆ ಒಪ್ಪಲ್ಲ, ಅದಕ್ಕೆ ಇವತ್ತಿನ ದರವೇ ಬೇಕು.

---

ಮಂಜುಮುಸುಕು

ಅದಕ್ಕೆ ಸರಿ. ಆ ಪುಟ ಸರ್ವಿಸ್‌ನ ಅದೇ ಮೆಥಡ್ ಕರೀಲಿ.

---

ಯುಪಿಎಸ್_ಬ್ಯಾಟರಿ (ಸುಂಟಿಕೊಪ್ಪ)

ಕಕ್ಕಡದ ಮಳೆಗೆ ಕರೆಂಟು ಹೋಗೋದು ಹೊಸದಲ್ಲ, ಈಗ ಬೇಸಿಗೆಯಲ್ಲೂ ಹೋಗುತ್ತೆ. ಬಿಲ್ ಟೇಬಲ್‌ಗೆ ಇನ್ಸರ್ಟ್ ಆಗಿ ಖಾತೆ ಟೇಬಲ್‌ಗೆ ಆಗೋ ಮೊದಲು ಸರ್ವರ್ ಆಫ್ ಆದ್ರೆ? ಜೆಎಸ್‌ಪಿಯಲ್ಲಿ ಒಂದರ ಕೆಳಗೊಂದು ಇನ್ಸರ್ಟ್ ಬರೆದಿರೋ ಕಡೆಯೆಲ್ಲ ಇದು ಆಗುತ್ತೆ. ಆಟೊಕಮಿಟ್ ಆನ್ ಇರುತ್ತಲ್ಲ, ಒಂದೊಂದು ಇನ್ಸರ್ಟೂ ಆಗಿಂದಾಗಲೇ ಖಾಯಂ.

---

ಜೆಡಿಬಿಸಿ_ಅಜ್ಜ

ಒಳ್ಳೇ ಪಾಯಿಂಟ್. ಟ್ರಾನ್ಸಾಕ್ಷನ್ (ಆದರೆ ಎಲ್ಲಾ ಆಗಬೇಕು, ಇಲ್ಲದಿದ್ರೆ ಯಾವುದೂ ಆಗಬಾರದು ಅನ್ನೋ ಕೆಲಸಗಳ ಗುಂಪು) ಶುರುವಾಗೋದೂ ಮುಗಿಯೋದೂ ಸರ್ವಿಸ್‌ನಲ್ಲಿ. ಬಿಲ್ ಡಿಎಒ, ಖಾತೆ ಡಿಎಒ ತಮ್ಮ ತಮ್ಮ ಕನೆಕ್ಷನ್ ತಾವೇ ತೆರೆದರೆ ಅವು ಎರಡು ಬೇರೆ ಟ್ರಾನ್ಸಾಕ್ಷನ್, ಒಂದು ರೋಲ್‌ಬ್ಯಾಕ್ ಆದ್ರೂ (ಮಾಡಿದ್ದು ರದ್ದಾದ್ರೂ) ಇನ್ನೊಂದು ಉಳ್ಕೊಳ್ಳುತ್ತೆ. ಅದಕ್ಕೆ ಸರ್ವಿಸ್ ಒಂದು ಕನೆಕ್ಷನ್ ತೆಗೆದು ಆಟೊಕಮಿಟ್ ಆಫ್ ಮಾಡಿ ಎರಡೂ ಡಿಎಒಗೆ ಅದನ್ನೇ ಕೊಡಲಿ. ಎರಡೂ ಆದ ಮೇಲೆ ಕಮಿಟ್, ಎಕ್ಸೆಪ್ಶನ್ ಬಂದರೆ ರೋಲ್‌ಬ್ಯಾಕ್. ಟ್ರೈ-ವಿತ್-ರಿಸೋರ್ಸಸ್ ಒಳಗೆ ಬರೆದರೆ ಮುಚ್ಚೋದು ಮರೆಯಲ್ಲ. ಆದರೆ ರೋಲ್‌ಬ್ಯಾಕ್ ನೀವೇ ಬರೀಬೇಕು. ಕಮಿಟ್ ಆಗದ ಕನೆಕ್ಷನ್ ಮುಚ್ಚಿದಾಗ ಏನಾಗುತ್ತೆ ಅನ್ನೋದನ್ನ ಜೆಡಿಬಿಸಿ ಡ್ರೈವರ್‌ಗೆ ಬಿಟ್ಟಿದೆ.

ಇದೆಲ್ಲ ಮಾಡೋ ಮೊದಲು ಶೋ ಟೇಬಲ್ ಸ್ಟೇಟಸ್ ಹೊಡೆದು ಎಂಜಿನ್ (ಟೇಬಲ್ ಹೇಗೆ ಶೇಖರಿಸಿಡೋದು ಅನ್ನೋ ವ್ಯವಸ್ಥೆ) ಕಾಲಂ ನೋಡಿ. ಮೈಐಎಸ್‌ಎಎಂ ಅಂತಿದ್ದರೆ ರೋಲ್‌ಬ್ಯಾಕ್ ಅನ್ನೋದೇ ಇಲ್ಲ. ಜೋರಾಗಿ ಎರರ್ ಕೂಡ ಬರಲ್ಲ, ರೋಲ್‌ಬ್ಯಾಕ್ ಆದ ಹಾಗೆ ನಟಿಸುತ್ತೆ. ಇನ್ನೊಡಿಬಿ ಡಿಫಾಲ್ಟ್ ಆಗಿದ್ದು ಮೈಎಸ್‌ಕ್ಯೂಎಲ್ 5.5ರಿಂದ. ಅದಕ್ಕೂ ಹಿಂದಿನ ಡಂಪ್‌ನಿಂದ ಎತ್ತಿ ತಂದ ಟೇಬಲ್‌ಗಳು ಹಳೇ ಎಂಜಿನ್‌ನಲ್ಲೇ ಇರ್ತವೆ.

---

ಚೆರಿ_ಚೀಲ

ನೋಡಿದೆ. ಖಾತೆ ಟೇಬಲ್ ಮೈಐಎಸ್‌ಎಎಂ. ಬಿಲ್ ಟೇಬಲ್ ಇನ್ನೊಡಿಬಿ.

---

ಯುಪಿಎಸ್_ಬ್ಯಾಟರಿ

ಬಂತಲ್ಲ 😀 ಆಲ್ಟರ್ ಟೇಬಲ್ ಎಂಜಿನ್ ಇನ್ನೊಡಿಬಿ, ಅಂಗಡಿ ಮುಚ್ಚಿದ ಮೇಲೆ. ಮೊದಲು ಡಂಪ್ ತಗೊಳ್ಳಿ. ಆಲ್ಟರ್ ನಡೀತಿರುವಾಗ ಟೇಬಲ್‌ಗೆ ಬರೆಯೋಕಾಗಲ್ಲ.

---

ಒಳ್ಳೆಮೆಣಸು

ಇದಕ್ಕೇ ನಾನು ಸ್ಪ್ರಿಂಗ್ ಅಂದಿದ್ದು. @ಟ್ರಾನ್ಸಾಕ್ಷನಲ್ ಅಂತ ಒಂದು ಪದ ಹಾಕಿದರೆ ಕನೆಕ್ಷನ್ ಹಿಡ್ಕೊಂಡು ಓಡಾಡೋ ಕೆಲಸ ಇಲ್ಲ.

---

ಕುಶಾಲನಗರ_ಕೋಡರ್

ಆ ಒಂದು ಪದಕ್ಕೆ ಷರತ್ತುಗಳಿವೆ ಅಣ್ಣ. ಒಂದೇ ಕ್ಲಾಸ್ ಒಳಗಿಂದ ಒಂದು ಮೆಥಡ್ ಇನ್ನೊಂದನ್ನ ಕರೆದರೆ ಸ್ಪ್ರಿಂಗ್ ಮಧ್ಯೆ ಕೂರಿಸೋ ಪ್ರಾಕ್ಸಿ ದಾಟಿ ಹೋಗಲ್ಲ, ಟ್ರಾನ್ಸಾಕ್ಷನ್ ಶುರುವೇ ಆಗಲ್ಲ. ಪ್ರೈವೇಟ್ ಮೆಥಡ್ ಮೇಲೆ ಹಾಕಿದರೂ ಅದೇ. ಚೆಕ್ಡ್ ಎಕ್ಸೆಪ್ಶನ್ ಎಸೆದರೆ ಡಿಫಾಲ್ಟ್ ಆಗಿ ರೋಲ್‌ಬ್ಯಾಕ್ ಅಲ್ಲ, ಕಮಿಟ್! ರೋಲ್‌ಬ್ಯಾಕ್‌ಫಾರ್ ಕೊಡಬೇಕು.

ಹೈಬರ್ನೇಟ್ (ಟೇಬಲ್ ಸಾಲುಗಳನ್ನ ಜಾವಾ ಆಬ್ಜೆಕ್ಟ್ ಮಾಡಿ ಕೊಡೋ ಲೈಬ್ರರಿ) ಜೊತೆಗೆ ಹೋದರೆ ಇನ್ನೊಂದು. ಸ್ಪ್ರಿಂಗ್ ಬೂಟ್‌ನಲ್ಲಿ ಓಪನ್-ಇನ್-ವ್ಯೂ ಡಿಫಾಲ್ಟ್ ಆನ್. ಪುಟ ತಯಾರಾಗ್ತಿರುವಾಗಲೂ ಡೇಟಾಬೇಸ್ ಸೆಷನ್ ತೆರೆದಿರುತ್ತೆ. 300 ಬೆಳೆಗಾರರ ಪಟ್ಟಿ, ಪ್ರತಿಯೊಬ್ಬರ ಖರೀದಿಯನ್ನ ಪುಟದ ಲೂಪ್‌ನಲ್ಲಿ ಮುಟ್ಟಿದರೆ 301 ಕ್ವೆರಿ, ಜೆಎಸ್‌ಪಿಯಲ್ಲಿ ಒಂದೂ ಎಸ್‌ಕ್ಯೂಎಲ್ ಕಾಣದೆ. ಫೋಲ್ಡರ್ ಮೂರು ಮಾಡಿದ ಮಾತ್ರಕ್ಕೆ ಬೇರೆ ಆಗಲ್ಲ. ಅದನ್ನ ಆಫ್ ಮಾಡಿದರೆ ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಶನ್ ಬರುತ್ತೆ, ಆಗ ಎಲ್ಲಿ ಸೋರ್ತಿದೆ ಅಂತ ಗೊತ್ತಾಗುತ್ತೆ.

---

ಒಳ್ಳೆಮೆಣಸು

ಅದು ಬಳಸೋರ ತಪ್ಪು, ಸ್ಪ್ರಿಂಗ್‌ದಲ್ಲ. ಜಾಯಿನ್ ಫೆಚ್ ಹಾಕಿದರೆ ಒಂದೇ ಕ್ವೆರಿ. ಹೊಸ ಪ್ರಾಜೆಕ್ಟ್ ಆಗಿದ್ರೆ ನೀವೂ ಸ್ಪ್ರಿಂಗೇ ಹಾಕ್ತಿದ್ರಿ.

---

ಕುಶಾಲನಗರ_ಕೋಡರ್

ಹೊಸದಾಗಿದ್ರೆ ಹೌದು. ಇದು ಹೊಸದಲ್ಲ. ಸ್ಪ್ರಿಂಗ್ ಬೂಟ್ 3ಕ್ಕೆ ಜಾವಾ 17 ಬೇಕು, ಇಲ್ಲಿರೋದು 8. ಸರ್ವಿಸ್, ಡಿಎಒ ಸಾದಾ ಕ್ಲಾಸ್‌ಗಳಾಗಿ ಬೇರೆ ಆದ್ರೆ ಮುಂದೆ ಯಾವ ಫ್ರೇಮ್‌ವರ್ಕ್‌ಗಾದ್ರೂ ಎತ್ತಿ ಇಡಬಹುದು.

---

ಬೆಳಗಿನ_ಲಾಗಿನ್ (ವಿರಾಜಪೇಟೆ)

ಚೆರಿ_ಚೀಲ, ಎಲ್ಲಾ ಪುಟಕ್ಕೂ ಇನ್‌ಕ್ಲೂಡ್ ಆಗೋ ಕಾಮನ್ ಜೆಎಸ್‌ಪಿ ಇದೆಯಾ? ಅದರಲ್ಲಿ ಪರ್ಸೆಂಟ್ ಪಕ್ಕ ಆಶ್ಚರ್ಯಸೂಚಕ ಹಾಕಿ ವೇರಿಯಬಲ್ ಏನಾದರೂ ಘೋಷಿಸಿದ್ದಾರಾ?

---

ಚೆರಿ_ಚೀಲ

ಇದೆ. ಸ್ಟ್ಯಾಟಿಕ್ ಕನೆಕ್ಷನ್ ಒಂದು, ಒಟ್ಟು ಮೊತ್ತಕ್ಕೆ ಒಂದು ಡಬಲ್. ಬೆಳಿಗ್ಗೆ ಮೊದಲು ತೆರೆದೋರಿಗೆ ಕಮ್ಯುನಿಕೇಶನ್ಸ್ ಲಿಂಕ್ ಫೇಲ್ಯೂರ್ ಬರುತ್ತೆ, ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತೆ.

---

ಬೆಳಗಿನ_ಲಾಗಿನ್

ಎರಡೂ ತೆಗೀರಿ, ಇವತ್ತೇ.

ಬೆಳಗಿನ ಎರರ್: ಮೈಎಸ್‌ಕ್ಯೂಎಲ್‌ನ ವೇಟ್ ಟೈಮ್‌ಔಟ್ ಡಿಫಾಲ್ಟ್ 28800 ಸೆಕೆಂಡ್, ಅಂದರೆ 8 ಗಂಟೆ. ಸಂಜೆ ಏಳಕ್ಕೆ ಅಂಗಡಿ ಮುಚ್ಚಿದರೆ ಬೆಳಗಿನ ಜಾವ ಮೂರಕ್ಕೆ ಮೈಎಸ್‌ಕ್ಯೂಎಲ್ ಆ ಕನೆಕ್ಷನ್ ಕಡಿಯುತ್ತೆ. ಜಾವಾ ಕಡೆಗೆ ಅದು ಗೊತ್ತಿಲ್ಲ, ಸತ್ತ ಕನೆಕ್ಷನ್ ಹಿಡ್ಕೊಂಡೇ ಕೂತಿರುತ್ತೆ. ಹಿಕಾರಿ ಪೂಲ್ (ಕನೆಕ್ಷನ್‌ಗಳನ್ನ ತೆರೆದಿಟ್ಟು ಹಂಚೋ ಲೈಬ್ರರಿ) ಹಾಕಿ. ಜಾವಾ 8 ಆದ್ದರಿಂದ 4ನೇ ಆವೃತ್ತಿ, 5ಕ್ಕೆ ಜಾವಾ 11 ಬೇಕು. ಅದರ ಮ್ಯಾಕ್ಸ್ ಲೈಫ್‌ಟೈಮ್ ಡಿಫಾಲ್ಟ್ 30 ನಿಮಿಷ, ಪೂಲ್ ಸೈಜ್ 10. ಮೂರು ಜನರ ಅಂಗಡಿಗೆ 5 ಸಾಕು. ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್ 10000 ಮಿಲಿಸೆಕೆಂಡ್ ಇಟ್ಟರೆ ಯಾವ ಪುಟ ಕನೆಕ್ಷನ್ ವಾಪಸ್ ಕೊಡ್ತಿಲ್ಲ ಅಂತ ಲಾಗ್‌ನಲ್ಲಿ ಸ್ಟ್ಯಾಕ್ ಸಮೇತ ಬರುತ್ತೆ.

ಆ ಡಬಲ್: ಜೆಎಸ್‌ಪಿ ಕಂಪೈಲ್ ಆಗಿ ಒಂದು ಸರ್ವ್‌ಲೆಟ್ ಆಗುತ್ತೆ, ಅದರ ಆಬ್ಜೆಕ್ಟ್ ಒಂದೇ, ಥ್ರೆಡ್ ಹಲವು. ಆಶ್ಚರ್ಯಸೂಚಕದ ವೇರಿಯಬಲ್ ಆ ಆಬ್ಜೆಕ್ಟ್‌ನ ಫೀಲ್ಡ್. ಇಬ್ಬರು ಒಟ್ಟಿಗೆ ಬಿಲ್ ಪುಟ ತೆರೆದರೆ ಒಬ್ಬ ಬೆಳೆಗಾರರ ಮೊತ್ತ ಇನ್ನೊಬ್ಬರ ಬಿಲ್‌ಗೆ ಸೇರುತ್ತೆ. ಟೆಸ್ಟ್ ಮಾಡುವಾಗ ಒಬ್ಬರೇ ಇರ್ತೀರಿ, ಯಾವತ್ತೂ ಸಿಗಲ್ಲ. ಹೊಸ ಸರ್ವ್‌ಲೆಟ್ ಬರೆದಾಗಲೂ ಇದೇ ಎಚ್ಚರ, ಅದರಲ್ಲಿ ಫೀಲ್ಡ್ ಅಂತ ಇದ್ದರೆ ಸರ್ವಿಸ್ ಮಾತ್ರ. ಸ್ಟ್ಯಾಟಿಕ್ ಕನೆಕ್ಷನ್‌ಗೂ ಇದೇ ಗತಿ. ಒಬ್ಬರ ಕಮಿಟ್ ಇನ್ನೊಬ್ಬರ ಅರ್ಧ ಕೆಲಸವನ್ನೂ ಕಮಿಟ್ ಮಾಡುತ್ತೆ.

---

ಕಾವೇರಿತೀರ

ಜೆಎಸ್‌ಪಿ ತುಂಬಾ ಉದ್ದ ಆದಾಗ ಕೋಡ್ ಟೂ ಲಾರ್ಜ್ ಅಂತ ಬರೋದು ಇದಕ್ಕೇನಾ?

---

ಬೆಳಗಿನ_ಲಾಗಿನ್

ಬೇರೆ ಕಾರಣ. ಇಡೀ ಪುಟ ಒಂದೇ ಮೆಥಡ್ ಆಗುತ್ತೆ, ಜಾವಾದಲ್ಲಿ ಒಂದು ಮೆಥಡ್‌ನ ಬೈಟ್‌ಕೋಡ್ 64 ಕೆಬಿ ದಾಟೋ ಹಾಗಿಲ್ಲ. ಲೆಕ್ಕ, ಎಸ್‌ಕ್ಯೂಎಲ್ ಹೊರಗೆ ಹೋದರೆ ತಾನಾಗಿ ಇಳಿಯುತ್ತೆ.

---

ನುಡಿಪ್ರಿಯ (ಶನಿವಾರಸಂತೆ)

ವಿಷಯಕ್ಕೆ ಸ್ವಲ್ಪ ಹೊರಗೆ. ಬೆಳೆಗಾರರ ಹೆಸರು ಕನ್ನಡದಲ್ಲಿ ಸೇವ್ ಮಾಡಿದ್ರೆ ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ಬರುತ್ತೆ. ಯಾವ ಲೇಯರ್‌ದು ತಪ್ಪು?

---

ಮಂಜುಮುಸುಕು

ಪ್ರಶ್ನಾರ್ಥಕ ಅಂದರೆ ಸಾಮಾನ್ಯವಾಗಿ ಡೇಟಾಬೇಸ್ ಕಡೆ. ಕಾಲಂ ಅಥವಾ ಕನೆಕ್ಷನ್ ಲ್ಯಾಟಿನ್1 ಇರುತ್ತೆ, ಕನ್ನಡಕ್ಕೆ ಅದರಲ್ಲಿ ಜಾಗವೇ ಇಲ್ಲ. ಯುಟಿಎಫ್8ಎಂಬಿ4 ಮಾಡಿ. ಆದರೆ ಚಿಹ್ನೆಯಾಗಿ ಸೇವ್ ಆಗಿ ಹೋದ ಹೆಸರು ವಾಪಸ್ ಬರಲ್ಲ, ಮತ್ತೆ ಟೈಪ್ ಮಾಡಬೇಕು.

à² ಅಂತ ಶುರುವಾಗೋ ಕಸ ಬಂದರೆ ಅದು ಬೇರೆ: ಫಾರ್ಮ್‌ನಿಂದ ಬಂದ ಯುಟಿಎಫ್-8 ಬೈಟ್‌ಗಳನ್ನ ಟಾಮ್‌ಕ್ಯಾಟ್ 9 ಐಎಸ್‌ಒ 8859-1 ಅಂತ ಓದಿದೆ. ಮೊದಲ ಗೆಟ್‌ಪ್ಯಾರಾಮೀಟರ್‌ಗೂ ಮುಂಚೆ ಸೆಟ್‌ಕ್ಯಾರೆಕ್ಟರ್‌ಎನ್‌ಕೋಡಿಂಗ್ ಕರೀಬೇಕು, ಒಂದು ಫಿಲ್ಟರ್‌ನಲ್ಲಿ ಹಾಕಿದರೆ ಎಲ್ಲಾ ಪುಟಕ್ಕೂ ಆಯ್ತು.

---

ನುಡಿಪ್ರಿಯ

ಮೂರನೇದೂ ಇದೆ. ಹಳೇ ಹೆಸರುಗಳು ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರದ ಕಲಬೆರಕೆ ಕಾಣುತ್ತೆ.

---

ಜೆಡಿಬಿಸಿ_ಅಜ್ಜ

ಅದು ಯೂನಿಕೋಡ್ ಅಲ್ಲ, ಆಸ್ಕಿ ಜಾಗದಲ್ಲಿ ಕೂರಿಸಿದ ಗ್ಲಿಫ್. ಕನ್ವರ್ಟರ್ ಮೂಲಕ ಒಂದೇ ಸಲ ಬದಲಾಯಿಸಿ ಹೊಸ ಕಾಲಂಗೆ ಬರೀರಿ, ಹಳೇ ಕಾಲಂ ಒಂದು ಸೀಸನ್ ಹಾಗೇ ಇರಲಿ. ಪುಟದಲ್ಲಿ ತೋರಿಸುವಾಗ ಬದಲಾಯಿಸ್ತೀನಿ ಅಂತ ಹೋಗಬೇಡಿ, ಹುಡುಕೋದು, ಅಕಾರಾದಿ ಜೋಡಿಸೋದು ಎರಡೂ ಕೆಡುತ್ತೆ. ಒತ್ತಕ್ಷರಗಳಲ್ಲಿ ಕನ್ವರ್ಟರ್ ಎಡವುತ್ತೆ, ಮನೆಹೆಸರುಗಳನ್ನ ಕಣ್ಣಲ್ಲೇ ನೋಡಿ ತಿದ್ದಬೇಕು.

---

ಟೆಸ್ಟ್‌ಅಕ್ಕ (ಕುಶಾಲನಗರ)

ನುಡಿ ಚರ್ಚೆಗೆ ಬೇರೆ ಪೋಸ್ಟ್ ತೆಗೀರಿ ದಯವಿಟ್ಟು.

ಚೆರಿ_ಚೀಲ ಅವರೇ, ಹೊಸ ಸರ್ವಿಸ್ ನಂಬೋ ಮೊದಲು ಹೋದ ಸೀಸನ್‌ನ ಎಲ್ಲಾ ಬಿಲ್ ಅದರ ಮೂಲಕ ಓಡಿಸಿ. ಹಳೇ ಮೊತ್ತ, ಹೊಸ ಮೊತ್ತ, ವ್ಯತ್ಯಾಸ ಅಂತ ಮೂರು ಕಾಲಂ. ವ್ಯತ್ಯಾಸ ಸೊನ್ನೆ ಇಲ್ಲದ ಸಾಲುಗಳಲ್ಲಿ ಅಂಗಡಿಯ ನಿಜವಾದ ನಿಯಮ ಸಿಗುತ್ತೆ: ಅರ್ಧ ಕೆಜಿ ಬಿಡೋದು, ಗೋಣಿಯ ತೂಕ ಕಳೆಯೋದು, ಪಾರ್ಚ್‌ಮೆಂಟ್‌ಗೆ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಬೇರೆ ಸೂತ್ರ. ಅಂಗಡಿಯವರನ್ನ ಕೇಳಿದರೆ ಇವು ಬಾಯಿಗೆ ಬರಲ್ಲ. ಸರ್ವಿಸ್‌ನ ಲೆಕ್ಕದ ಮೆಥಡ್ ಡೇಟಾಬೇಸ್ ಮುಟ್ಟದೇ ಇರೋದ್ರಿಂದ ಜೆಯುನಿಟ್‌ನಲ್ಲಿ ಸೆಕೆಂಡ್‌ಗಳಲ್ಲಿ ಮುಗಿಯುತ್ತೆ. ಆ 1868.4 ಕೆಜಿಯನ್ನೇ ಮೊದಲ ಟೆಸ್ಟ್ ಮಾಡಿ.

ಇನ್ನು ಬಿಲ್ ಸೇವ್ ಆದ ಮೇಲೆ ಸರ್ವ್‌ಲೆಟ್ ಫಾರ್ವರ್ಡ್ ಮಾಡಬಾರದು, ರೀಡೈರೆಕ್ಟ್ ಮಾಡಬೇಕು (ಬ್ರೌಸರ್‌ಗೆ ಬೇರೆ ವಿಳಾಸಕ್ಕೆ ಹೋಗು ಅನ್ನಬೇಕು). ಫಾರ್ವರ್ಡ್ ಮಾಡಿದರೆ ಪ್ರಿಂಟರ್ ತಡ ಮಾಡ್ತು ಅಂತ ರೈಟರ್ (ಅಂಗಡಿ ಗುಮಾಸ್ತ) ಎಫ್5 ಒತ್ತಿದ ಕೂಡಲೇ ಅದೇ ಬಿಲ್ ಎರಡನೇ ಸಲ ಸೇವ್.

---

ಚೆರಿ_ಚೀಲ

ಎಲ್ಲರಿಗೂ ಧನ್ಯವಾದ. ಪುಟದ ಕಡೆ ಒಂದು ಸಂಶಯ ಉಳೀತು. ಮೊತ್ತ 188,147.88 ಅಂತ ಕಾಣ್ತಿದೆ, ಲಕ್ಷದ ಕಾಮಾ ಬರ್ತಿಲ್ಲ. ಫಾರ್ಮ್ಯಾಟ್ ಟ್ಯಾಗ್‌ಗೆ ##,##,##0.00 ಅಂತ ಪ್ಯಾಟರ್ನ್ ಕೊಟ್ಟರೂ ಹಾಗೇ.

---

ಕುಶಾಲನಗರ_ಕೋಡರ್

ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಕೊನೆಯ ಕಾಮಾದ ಅಂತರ ಮಾತ್ರ ನೋಡುತ್ತೆ, ಅದನ್ನೇ ಎಲ್ಲಾ ಕಡೆ ಹಾಕುತ್ತೆ. ಲೋಕೇಲ್ ಭಾರತ ಅಂತ ಕೊಟ್ಟರೂ ಬದಲಾಗಲ್ಲ. ಐಸಿಯು4ಜೆ ಲೈಬ್ರರಿಯ ಡೆಸಿಮಲ್‌ಫಾರ್ಮ್ಯಾಟ್‌ಗೆ ಇದೇ ಪ್ಯಾಟರ್ನ್ ಕೊಡಿ, 1,88,147.88 ಬರುತ್ತೆ. ಅದನ್ನ ಒಂದು ಕಸ್ಟಮ್ ಟ್ಯಾಗ್ ಅಥವಾ ಇಎಲ್ ಫಂಕ್ಷನ್ ಮಾಡ್ಕೊಳ್ಳಿ. ಇದು ಪುಟದ ಕೆಲಸ, ಸರ್ವಿಸ್ ಒಳಗೆ ಕಾಮಾ ಹಾಕಿದ ಸ್ಟ್ರಿಂಗ್ ಮಾಡಬೇಡಿ. ಹೆಸರು, ಷರಾ ತೋರಿಸುವಾಗ ಸಿ-ಔಟ್ ಬಳಸಿ. ಬರೀ ಡಾಲರ್ ಬ್ರೇಸ್ ಎಚ್‌ಟಿಎಂಎಲ್ ಎಸ್ಕೇಪ್ ಮಾಡಲ್ಲ.

---

ಒಳ್ಳೆಮೆಣಸು

ಹೇಗೂ ಕೈ ಹಾಕಿದ್ದೀರಿ, ಟಾಮ್‌ಕ್ಯಾಟ್ 10ಕ್ಕೂ ಹೋಗಿಬಿಡಿ.

---

ಬೆಳಗಿನ_ಲಾಗಿನ್

ಬೇಡ ಬೇಡ. 10ರಲ್ಲಿ ಜಾವ್ಯಾಕ್ಸ್ ಸರ್ವ್‌ಲೆಟ್ ಪ್ಯಾಕೇಜ್ ಎಲ್ಲಾ ಜಕಾರ್ತಾ ಆಗಿದೆ, ಹಳೇ ಸರ್ವ್‌ಲೆಟ್ ಇಂಪೋರ್ಟ್ ಒಂದೂ ಕಂಪೈಲ್ ಆಗಲ್ಲ, ಜೆಎಸ್‌ಟಿಎಲ್ ಜಾರ್ ಕೂಡ ಬದಲಾಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲದಿದ್ರೆ ಮೊತ್ತ ತಪ್ಪಿದಾಗ ಯಾವುದರಿಂದ ಅಂತ ಹುಡುಕೋದು?

---

ಚೆರಿ_ಚೀಲ

ಟಾಮ್‌ಕ್ಯಾಟ್ 9ರಲ್ಲೇ ಇರ್ತೀನಿ. ಖಾತೆ ಡಿಎಒ ಬರೆದಾಯ್ತು. ಮೆಥಡ್‌ಗೆ ರಿಕ್ವೆಸ್ಟ್ ಆಬ್ಜೆಕ್ಟ್ ಕೊಟ್ಟು ಅದರಿಂದ ಎರಡು ತಾರೀಕು ಓದಿ ಬಿಟ್ವೀನ್ ಹಾಕಿದ್ದೀನಿ. ಸರಿ ಇದೆಯಾ?

---

ಜೆಡಿಬಿಸಿ_ಅಜ್ಜ

ರಿಕ್ವೆಸ್ಟ್ ಡಿಎಒಗೆ ಹೋಗಬಾರದು. ಗ್ರೆಪ್ ಹೊಡೀರಿ ಅಂದಿದ್ದು ಇದಕ್ಕೇ. ಸರ್ವ್‌ಲೆಟ್‌ನಲ್ಲೇ ಲೋಕಲ್‌ಡೇಟ್‌ಗೆ ಬದಲಾಯಿಸಿ, ತಾರೀಕು ತಪ್ಪಾಗಿ ಟೈಪ್ ಮಾಡಿದ್ರೆ ಅಲ್ಲೇ ಹಿಡಿದು ಫಾರ್ಮ್‌ಗೆ ವಾಪಸ್ ಕಳಿಸಿ. ಡಿಎಒಗೆ ಎರಡು ಲೋಕಲ್‌ಡೇಟ್ ಮಾತ್ರ.

ಕಾಲಂ ಡೇಟ್‌ಟೈಮ್ ಆಗಿದ್ದರೆ ಬಿಟ್ವೀನ್ ಕೂಡ ತೆಗೀರಿ. 31ನೇ ತಾರೀಕು ತನಕ ಅಂತ ಕೊಟ್ಟರೆ ಅದು 31ರ ಮಧ್ಯರಾತ್ರಿ ಸೊನ್ನೆ ಗಂಟೆಗೆ ನಿಲ್ಲುತ್ತೆ, ಆ ಇಡೀ ದಿನದ ಖರೀದಿ ಖಾತೆಗೆ ಬರಲ್ಲ. ಮೊದಲ ತಾರೀಕಿಗೆ ಸಮ ಅಥವಾ ಹೆಚ್ಚು, ಕೊನೆಯ ತಾರೀಕಿಗೆ ಒಂದು ದಿನ ಕೂಡಿಸಿ ಅದಕ್ಕಿಂತ ಕಡಿಮೆ ಅಂತ ಬರೀರಿ.